ಗೇಣಿಗೊಂದು ಗುಳ್ಳೆ

ಕಬ್ಬಿಣಕ್ಕೆ ಅಂಗಿ ತೊಡಿಸುತ್ತಿದ್ದ ಹೆಂಗಸೊಬ್ಬಳ ಕಥೆ ಇದು. ಅಂಗಿ ಅಂದರೆ ರಬ್ಬರಿನದು, ಹೆಬ್ಬೆರಳಿನಷ್ಟು ದಪ್ಪದ್ದು. ಗಣಿಯಿಂದ ಬಂದ ಅದಿರು ಕಲ್ಲು ಜಾರಿ ಬೀಳುವ ಉಕ್ಕಿನ ದೊಡ್ಡ ದೋಣಿಗೆ ಆ ಕಾರ್ಖಾನೆಯವರು ಚ್ಯೂಟ್ ಅನ್ನುತ್ತಾರೆ. ಅದನ್ನು ಬರಿಮೈಯಲ್ಲಿ ಬಿಟ್ಟರೆ ಕಲ್ಲು ಉಜ್ಜಿ ಉಜ್ಜಿ ಆರು ತಿಂಗಳಲ್ಲಿ ಉಕ್ಕು ಕಾಗದದಷ್ಟು ತೆಳ್ಳಗಾಗುತ್ತದೆ. ಒಳಮೈಗೆ ರಬ್ಬರ್ ಹೊದಿಸಿದರೆ ಬಿದ್ದ ಕಲ್ಲು ಪುಟಿದು ತನ್ನ ದಾರಿ ಹಿಡಿಯುತ್ತದೆ, ಉಕ್ಕು ತಣ್ಣಗಿರುತ್ತದೆ. ಹಾಗೆ ಹೊದಿಸುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳು ನಮ್ಮ ಗೇಣಕ್ಕ.

ಹೆತ್ತವರಿಟ್ಟ ಹೆಸರು ಬೇರೆ ಇತ್ತು, ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅವಳಿಗೆ ಟೇಪಿನ ಮೇಲೆ ನಂಬಿಕೆ ಇರಲಿಲ್ಲ. ಕಿಟಕಿಯ ಪರದೆ, ಸೊಸೆಯ ರವಿಕೆ ಬಟ್ಟೆ, ರಬ್ಬರ್ ಶೀಟು, ಎಲ್ಲಕ್ಕೂ ಗೇಣೇ ಲೆಕ್ಕ. ಎಂದೋ ಶೀಟಿನ ಸುರುಳಿ ಬಿದ್ದು ಬಲಗೈ ಕಿರುಬೆರಳು ಒಳಕ್ಕೆ ಮಡಚಿಕೊಂಡು ನಿಂತುಬಿಟ್ಟಿತ್ತು. ಹಾಗಾಗಿ ಅವಳ ಗೇಣು ಊರವರ ಗೇಣಿಗಿಂತ ಎರಡು ಬೆರಳು ಗಿಡ್ಡ. "ಈ ಅಕ್ಕನ ಕೈಲಿ ಬಟ್ಟೆ ಅಳೆಸಿದ್ರೆ ಅಂಗಿ ಹೊಕ್ಕುಳ ತನಕ ಬರಲ್ಲ" ಎಂದು ಜೊತೆಯವರು ನಗುತ್ತಿದ್ದರು.

ಟೇಪನ್ನೇ ನಂಬದವಳು ಮನುಷ್ಯರನ್ನು ನಂಬುತ್ತಾಳೆಯೆ? ಅವಳ ಕೆಲಸವೇ ಅನುಮಾನ ಪಡುವುದು. ಮೊದಲು ಮರಳು ಹೊಡೆದು ಉಕ್ಕನ್ನು ಬೆಳ್ಳಗೆ ಮಾಡಬೇಕು. ಆಮೇಲೆ ಸೊಲ್ಯೂಷನ್ ಅನ್ನುವ ಅಂಟು ಬಳಿಯಬೇಕು. ಅದು ಆರಬೇಕು, ಆದರೆ ಪೂರ್ತಿ ಆರಬಾರದು. ಬೆರಳ ಗೆಣ್ಣು ಒತ್ತಿದರೆ ಹಿಡಿಯಬೇಕು, ಎಳೆ ಎದ್ದು ಬರಬಾರದು. ಆ ಹದ ನೋಡಲು ಗೇಣಕ್ಕ ಬಲಗೈಯ ಕೈಗವಸು ಕಳಚಿ ಚ್ಯೂಟಿನ ನಡುಮಧ್ಯೆ ಉದ್ದಕ್ಕೂ ಗೇಣಿಗೊಮ್ಮೆ ಗೆಣ್ಣು ಒತ್ತುತ್ತ ಹೋಗುತ್ತಿದ್ದಳು. ಅವಳು ತಲೆಯಾಡಿಸಿದ ಮೇಲೆಯೇ ಶೀಟು ಒಳಗೆ ಬರಬೇಕು.

ಜಿಡ್ಡು ಕಂಡರಂತೂ ಆಗದು. ಜಿಡ್ಡು ಸೋಕಿದ ಕಡೆ ಸೊಲ್ಯೂಷನ್ ಹಿಡಿಯುವುದಿಲ್ಲ. ಬೆಳಿಗ್ಗೆ ಕೆಲಸದವರೆಲ್ಲ ಅವಳ ಮುಂದೆ ಕೈ ಚಾಚಿ ನಿಲ್ಲಬೇಕು. "ಕೈ ತೋರ್ಸು" ಎನ್ನುವಳು, ಹಿಡಿದು ಮೂಸುವಳು. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವನನ್ನು ಒಮ್ಮೆ ನಲ್ಲಿಯ ಕೆಳಗೆ ಕೂರಿಸಿ ಸೋಪು ಹಾಕಿಸಿದ್ದಳು.

ಹೊದಿಸಿದ ಶೀಟಿನ ಮೇಲೆ ರೋಲರ್ ಎಳೆದು ಗಾಳಿ ಹೊರಗಟ್ಟುವವನು ರೋಲರಣ್ಣ. ಇಪ್ಪತ್ತೆರಡು ವರ್ಷ ಒಂದೇ ಚ್ಯೂಟಿನೊಳಗೆ ಮಂಡಿಯೂರಿದ ಜೋಡಿ ಅದು. ಕೆಲಸ ಮುಗಿದ ಮೇಲೆ ಅವಳು ಗೆಣ್ಣಿನಿಂದ ತಟ್ಟುವಳು, ಅವನು ಕಿವಿ ಕೊಡುವನು. ಹಿಡಿದ ಕಡೆ ಟಪ್ಪೆನ್ನುತ್ತದೆ, ಬಿಟ್ಟ ಕಡೆ ಡಬ್ಬೆನ್ನುತ್ತದೆ. ಡಬ್ಬೆಂದಿದ್ದನ್ನು ಅವಳಿಗಿಂತ ಮೊದಲು ಅವನೇ ಹೇಳುತ್ತಿದ್ದ.

ಇನ್ನು ಮನೆ. ಮಗ ದೂರದ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆಗೆ ಔಷಧಿ ಅಂಗಡಿಯಲ್ಲಿ ಕೆಲಸ. ಎರಡು ತಿಂಗಳ ಹಿಂದೆ ಅತ್ತೆಯ ಗೆಣ್ಣು ಊದಿದ್ದು ಕಂಡು ಒಂದು ಡಬ್ಬಿ ಮುಲಾಮು ತಂದಿದ್ದಳು. ಅಂದಿನಿಂದ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಟ್ಟು, ಅತ್ತೆಯ ಬೆರಳು ಒಂದೊಂದನ್ನೇ ಹಿಡಿದು ತಿಕ್ಕುವಳು.

"ಬಿಸಿ ಹೊರಗೆ ಹೋಗ್ಬಾರ್ದು ಅತ್ತೆ, ಇಲ್ಲಿಂದ್ಲೇ ಕೈಗವಸು ಹಾಕ್ಕೊಂಡು ಹೋಗಿ."

ಗೇಣಕ್ಕನಿಗೆ ಹಾಯೆನಿಸುತ್ತಿತ್ತು, ಜೊತೆಗೆ ಅನುಮಾನವೂ. ಆರು ವರ್ಷ ಇಲ್ಲದ ಅಕ್ಕರೆ ಈಗೆಲ್ಲಿಂದ ಉಕ್ಕಿತು? ಬೀದಿ ಕಡೆಯ ಕೋಣೆಯ ಮೇಲೆ ಕಣ್ಣಿದೆ ಇವಳಿಗೆ. ಇವತ್ತು ಬೆರಳು ತಿಕ್ಕಿದವಳು ನಾಳೆ ಮಂಚ ಹಿಂದಿನ ಕೋಣೆಗೆ ಸಾಗಿಸುತ್ತಾಳೆ, ನೋಡ್ತಾ ಇರು. ಹೀಗೆ ತನ್ನೊಳಗೇ ಅಂದುಕೊಂಡು ಇನ್ನೊಂದು ಕೈಯನ್ನೂ ಚಾಚುತ್ತಿದ್ದಳು.

ಅಷ್ಟರಲ್ಲಿ ಕಾರ್ಖಾನೆಯಲ್ಲಿ ಗುಳ್ಳೆ ಎದ್ದವು. ಹೊದಿಸಿ ಐದು ವಾರವೂ ಆಗದ ಚ್ಯೂಟಿನಲ್ಲಿ ರಬ್ಬರ್ ಉಬ್ಬಿತು, ಉಬ್ಬಿದ್ದನ್ನು ಕಲ್ಲು ಹರಿಯಿತು, ಹರಿದ ಶೀಟು ಕೆಳಗೆ ಕಲ್ಲು ಸಾಗಿಸುವ ಪಟ್ಟಿಗೆ ಸಿಕ್ಕಿ ಒಂದು ಇಡೀ ಹಗಲು ಕೆಲಸ ನಿಂತಿತು. ಹರಿದ ಚೂರುಗಳನ್ನು ಗುಜರಿಗೆ ಎಸೆದು ಹೊಸದು ಹಾಕಿದರು. ಹದಿನೈದು ದಿನಕ್ಕೆ ಎರಡನೆಯ ಚ್ಯೂಟಿನ ಒಳಗೂ ಕೈಗೆ ಉಬ್ಬು ಹತ್ತಿತು.

ಫೋರ್‌ಮನ್ ಗೇಣಕ್ಕನನ್ನು ಶೆಡ್ಡಿನ ಮೂಲೆಗೆ ಕರೆದ.

"ಏನಕ್ಕಾ ಇದು? ಮೇಲಿನವ್ರು ನನ್ನ ಜೀವ ತಿಂತಿದಾರೆ."

"ಅಂಚು ಎದ್ದಿದ್ರೆ ಕತ್ತರಿಸಿದವ್ರ ತಪ್ಪು. ನಡುವೆ ಎದ್ದಿದೆ," ಎಂದಳು ಗೇಣಕ್ಕ. "ನಡುವೆ ಗುಳ್ಳೆ ಅಂದ್ರೆ ಒಳಗೆ ಗಾಳಿ."

"ಗಾಳಿ ಅಂದ್ರೆ ರೋಲರ್ರು."

ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಫೋರ್‌ಮನ್‌ಗೆ ಅಷ್ಟು ಸಾಕಾಯಿತು.

"ಅವನಿಗೂ ವಯಸ್ಸಾಯ್ತು ಬಿಡಿ, ತೋಳಲ್ಲಿ ಕಸುವಿಲ್ಲ. ಶನಿವಾರ ನೀವು ಒಳಗಿಳಿದು ಗುರುತು ಹಾಕಿ. ಗುಳ್ಳೆ ಅವನ ಕೈಯದೇ ಅಂತ ನೀವೊಂದು ಮಾತು ಹೇಳಿದ್ರೆ ಸೋಮವಾರದಿಂದ ಬರೋದು ಬೇಡ ಅಂತೀನಿ. ನಿಮ್ಮ ಮಾತಿನ ಮೇಲೆ ಬಿಟ್ಟಿದೀನಿ."

ಒಬ್ಬನ ಅನ್ನ ತನ್ನ ನಾಲಿಗೆಯ ಮೇಲೆ ಬಂದು ಕೂತಾಗ ಹೆದರಿಕೆಯಾಗಬೇಕಿತ್ತು. ಗೇಣಕ್ಕನಿಗೆ ಆಗಿದ್ದು ಬೇರೆ, ಕಣ್ಣು ಚುರುಕಾಯಿತು. ಮೂರು ದಿನ ರೋಲರಣ್ಣನನ್ನೇ ಕಾದಳು. ಕಾದಷ್ಟೂ ಅವನ ಚಹರೆ ಕಳ್ಳನದೇ ಅನಿಸಿತು. ಮೊದಲೆಲ್ಲ ಎದುರು ಕೂತು ಬುತ್ತಿ ಬಿಚ್ಚುತ್ತಿದ್ದವನು ಈಗ ಗೋಡೆಗೆ ಮುಖ ಮಾಡಿ ತಿನ್ನುತ್ತಾನೆ. ಮಾತಾಡಿಸಿದರೆ ಬಾಯಿಗೆ ಕೈ ಅಡ್ಡ ಹಿಡಿದು "ಹ್ಞೂ, ಹ್ಞಾಂ" ಅಷ್ಟೇ. ಜೇಬಿನಲ್ಲಿ ಒಂದು ಪುಟ್ಟ ಡಬ್ಬಿ, ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಾನೆ.

"ಏನಣ್ಣಾ ಅದು ಡಬ್ಬಿ?"

"ಏನಿಲ್ಲ ಬಿಡಕ್ಕ."

"ಏನಿಲ್ದೆ ಡಬ್ಬಿ ಯಾಕೆ ಬೇಕು?"

ಅವನು ಎದ್ದು ಹೋದ. ತಪ್ಪಿಲ್ಲದವನು ಬೆನ್ನು ತೋರಿಸುತ್ತಾನೆಯೆ? ಗೇಣಕ್ಕ ಶನಿವಾರ ಹೇಳಬೇಕಾದ ಮಾತನ್ನು ಶುಕ್ರವಾರವೇ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಳು.

ಶನಿವಾರ ಬೆಳಿಗ್ಗೆ ಕಲ್ಲು ನಿಲ್ಲಿಸಿ, ನೀರು ಹೊಡೆದು ತೊಳೆದ ಎರಡನೆಯ ಚ್ಯೂಟಿಗೆ ಸೀಮೆಸುಣ್ಣ ಹಿಡಿದು ಇಳಿದಳು. ರೋಲರಣ್ಣನೂ ಫೋರ್‌ಮನ್ನೂ ಮೇಲೆ ಕಟಕಟೆಯ ಹತ್ತಿರ ನಿಂತಿದ್ದರು. ಅವಳು ಮಂಡಿಯೂರಿ ತಟ್ಟುತ್ತ ಹೋದಳು. ಟಪ್, ಟಪ್, ಡಬ್. ಒಂದು ಸುಣ್ಣದ ಸುತ್ತು. ಟಪ್, ಟಪ್, ಡಬ್. ಮತ್ತೊಂದು ಸುತ್ತು. ತುದಿ ಮುಟ್ಟುವ ಹೊತ್ತಿಗೆ ಹದಿಮೂರು ಸುತ್ತುಗಳಾದವು. ಸೊಂಟ ಹಿಡಿದು ಎದ್ದು ಹಿಂದಿರುಗಿ ನೋಡಿದಳು.

ಹದಿಮೂರೂ ಒಂದೇ ಗೆರೆಯಲ್ಲಿದ್ದವು.

ಅವಳ ಎದೆಯಲ್ಲಿ ಏನೋ ಡಬ್ಬೆಂದಿತು. ರೋಲರ್ ತಪ್ಪಿದರೆ ಗಾಳಿ ಮನಬಂದ ಕಡೆ ನಿಲ್ಲುತ್ತದೆ, ಇಲ್ಲೊಂದು ದೊಡ್ಡದು, ಅಲ್ಲೊಂದು ಚಿಕ್ಕದು. ಇವೋ, ಅಳೆದು ಇಟ್ಟಂತಿವೆ. ಅಳೆದು ಎಂಬ ಮಾತು ತಲೆಗೆ ಬಂದದ್ದೇ ತಡ, ಕೈ ತಾನಾಗಿ ಕೆಳಗಿಳಿಯಿತು. ಒಂದು ಸುತ್ತಿನ ಮೇಲೆ ಹೆಬ್ಬೆರಳು ಊರಿ ಬಲಗೈ ಬಿಡಿಸಿದಳು. ಮಡಚಿದ ಕಿರುಬೆರಳು ಪಕ್ಕದ ಸುತ್ತಿನ ಮೇಲೆ ಸರಿಯಾಗಿ ಕೂತಿತು. ಮುಂದಿನದಕ್ಕೆ ಇಟ್ಟಳು, ಕೂತಿತು. ಅದರ ಮುಂದಿನದಕ್ಕೂ ಕೂತಿತು. ಇಡೀ ಕಾರ್ಖಾನೆಯಲ್ಲಿ ಎರಡು ಬೆರಳು ಗಿಡ್ಡದ ಗೇಣು ಒಂದೇ ಒಂದು.

ಸೊಂಟದ ಚಾಕು ತೆಗೆದು ಒಂದು ಗುಳ್ಳೆ ಸೀಳಿದಳು. ಸುತ್ತಲೂ ಸೊಲ್ಯೂಷನ್ ಉಕ್ಕನ್ನು ಕಚ್ಚಿ ಹಿಡಿದಿತ್ತು. ನಡುವೆ ಮಾತ್ರ ಗೆಣ್ಣಿನಷ್ಟಗಲ ಜಿಡ್ಡು ಮಿನುಗುತ್ತಿತ್ತು. ಕೈಗವಸು ಕಳಚಿ ತನ್ನ ಬೆರಳನ್ನು ಬೆಳಕಿಗೆ ಹಿಡಿದಳು. ಅದೂ ಹಾಗೇ ಮಿನುಗಿತು.

ಎಲ್ಲರ ಕೈ ಮೂಸಿದವಳು ತನ್ನ ಕೈ ಮೂಸಿರಲಿಲ್ಲ. ಎಣ್ಣೆ ಜಿಡ್ಡು, ಗ್ರೀಸು ಜಿಡ್ಡು, ಕರಿದ ತಿಂಡಿ ಜಿಡ್ಡು. ಮುಲಾಮು ಮಾತ್ರ ಅವಳ ಲೆಕ್ಕದಲ್ಲಿ ಮದ್ದು. ಮದ್ದಿಗೂ ಜಿಡ್ಡಿರುತ್ತದೆ ಎಂಬುದು ಈ ಎರಡು ತಿಂಗಳಲ್ಲಿ ಒಂದು ದಿನವೂ ಹೊಳೆದಿರಲಿಲ್ಲ. ಗುಳ್ಳೆ ಎದ್ದ ಎರಡೂ ಚ್ಯೂಟು ಹೊದಿಸಿದ್ದು ಮುಲಾಮು ಬಂದ ಮೇಲೆಯೇ.

ಮೇಲಿನಿಂದ ಫೋರ್‌ಮನ್ ಕೂಗಿದ, "ಏನಕ್ಕಾ, ಇವನದೇ ತಾನೆ?"

ಹೂಂ ಎಂದರೆ ಮುಗಿಯಿತು. ಮುಲಾಮು ಬಿಟ್ಟರೆ ನಾಳೆಯಿಂದ ಗುಳ್ಳೆ ಏಳುವುದಿಲ್ಲ, ರೋಲರಣ್ಣ ಹೋದ, ಗುಳ್ಳೆಯೂ ಹೋಯಿತು ಎಂದುಕೊಳ್ಳುತ್ತಾರೆ. ಯಾರಿಗೂ ಅನುಮಾನ ಬಾರದು. ಗೇಣಕ್ಕ ಚಾಕು ಒರೆಸಿ ಸೊಂಟಕ್ಕೆ ಸಿಕ್ಕಿಸಿದಳು. ತಲೆ ಎತ್ತಿದಾಗ ಕಟಕಟೆಯಿಂದ ರೋಲರಣ್ಣ ಬಗ್ಗಿ ನೋಡುತ್ತಿದ್ದ. ಎಂದಿನಂತೆ ಕಿವಿ ಇತ್ತ ತಿರುಗಿಸಿ, ಅವಳ ತಟ್ಟಿಗೆ ಕಾಯುವ ಹಾಗೆ.

"ಇಬ್ರೂ ಕೆಳಗೆ ಬನ್ನಿ," ಎಂದಳು. "ಗುಳ್ಳೆ ನಂದು."

ಬಂದರು. ಅವಳು ಗೇಣು ಇಟ್ಟು ತೋರಿಸಿದಳು, ಸೀಳಿದ ಗುಳ್ಳೆ ತೋರಿಸಿದಳು, ಕೊನೆಗೆ ಕೈ ಚಾಚಿದಳು. ಫೋರ್‌ಮನ್ ಮೂಸಿ ಹಿಂದೆ ಸರಿದ. ಬಯ್ಯಬೇಕೋ ನಗಬೇಕೋ ಗೊತ್ತಾಗದೆ, "ಎರಡು ಚ್ಯೂಟು, ಅಕ್ಕಾ, ಎರಡು ಚ್ಯೂಟು" ಎಂದಷ್ಟೇ ಹೇಳಿದ. "ಬರೆದುಕೊಳ್ಳಿ, ನನ್ನ ಹೆಸರಲ್ಲೇ ಬರೀರಿ. ನಡು ಪಟ್ಟಿ ಕಿತ್ತು ಭಾನುವಾರ ನಾನೇ ಮತ್ತೆ ಹಾಕ್ತೀನಿ" ಎಂದಳು. ಅವನು ಬರೆದುಕೊಳ್ಳಲು ಮೇಲೆ ಹೋದ.

ಇಬ್ಬರೇ ಉಳಿದಾಗ ರೋಲರಣ್ಣ ಕೇಳಿದ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ, "ಮೂರು ದಿನದಿಂದ ಅದಕ್ಕೇನಾ ನನ್ನ ಹಿಂದೆ ಹಿಂದೆ ಸುತ್ತಿದ್ದು?"

"ನೀನ್ಯಾಕೆ ಗೋಡೆಗೆ ಮುಖ ಮಾಡಿ ತಿಂತಿದ್ದೆ?"

ಅವನು ಜೇಬಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಹೊಸ ಹಲ್ಲಿನ ಸೆಟ್ಟು.

"ಸರಿಯಾಗಿ ಕೂರ್ತಿಲ್ಲ. ಮಾತಾಡಿದ್ರೆ ಹಾರುತ್ತೆ, ತಿಂದ್ರೆ ಜಾರುತ್ತೆ. ಒಳಗೆ ಗಾಳಿ ಉಳ್ಕೊಂಡಿದೆ ಕಣಕ್ಕ. ನಾನು ರೋಲರ್ ಹಿಡಿಯೋನು ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ?"

ಗೇಣಕ್ಕನಿಗೆ ನಗು ಬಂತು, ನಗಲಾಗಲಿಲ್ಲ. "ಒಂದು ಮಾತು ಅಂದುಬಿಡ್ತಿದ್ದೆ ಅಣ್ಣಾ. ನೀನು ಮೇಲೆ ನಿಂತಿದ್ದಾಗಲೇ," ಎಂದಳು.

"ಗೊತ್ತು," ಎಂದ ಅವನು. ಅಂದು ಅವನು ಬುತ್ತಿ ತಿಂದದ್ದು ಗೋಡೆಗೆ ಮುಖ ಮಾಡಿಯೇ.

ಭಾನುವಾರ ಬೆಳಿಗ್ಗೆ ಸೊಸೆ ಡಬ್ಬಿ ಹಿಡಿದು ಬಂದಾಗ ಅತ್ತೆ ಕೈ ಹಿಂದಕ್ಕೆಳೆದುಕೊಂಡಳು.

"ಯಾಕತ್ತೆ, ನನ್ನ ಮೇಲೇನಾದ್ರೂ ಬೇಜಾರಾ?" ಎಂದಳು ಸೊಸೆ. ಈಗ ಅನುಮಾನ ಅವಳ ಕಣ್ಣಲ್ಲಿತ್ತು.

"ಇಲ್ಲ ಕಣೆ. ಸಂಜೆ ತಿಕ್ಕು. ಸಂಜೆ ಎಷ್ಟು ಬೇಕಾದ್ರೂ ತಿಕ್ಕು." ಬಾಗಿಲಿನವರೆಗೆ ಹೋಗಿ ಗೇಣಕ್ಕ ತಿರುಗಿ ಕೇಳಿದಳು, "ಬೀದಿ ಕಡೆ ಕೋಣೆ ಬೇಕಾ ನಿಂಗೆ?"

"ಆ ಲಾರಿ ಸದ್ದಲ್ಲಿ ಯಾರು ಮಲಗ್ತಾರೆ ಅತ್ತೆ," ಎಂದಳು ಸೊಸೆ.

ಶೆಡ್ಡಿನಲ್ಲಿ ಸೊಲ್ಯೂಷನ್ ಡಬ್ಬ ತೆರೆಯುವ ಮೊದಲೇ ರೋಲರಣ್ಣ ಅಡ್ಡ ಬಂದು ನಿಂತ. ಬಾಯಿಗೆ ಕೈ ಇರಲಿಲ್ಲ. ಹಲ್ಲು ಒಂದು ಕಡೆ ವಾಲಿತ್ತು.

"ಕೈ ತೋರ್ಸು," ಎಂದ.

ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಯಾರೂ ಹೇಳದ ಮಾತು. ಗೇಣಕ್ಕ ಎರಡೂ ಕೈ ಚಾಚಿದಳು. ಅವನು ಒಂದೊಂದೇ ಬೆರಳು ಮೂಸಿದ, ಮಡಚಿದ ಕಿರುಬೆರಳನ್ನು ಎರಡು ಸಲ.

"ಸೋಪು ಹಾಕಿದ್ಯಾ?"

"ಮೂರು ಸಲ."

"ಇನ್ನೊಂದ್ಸಲ ತೊಳ್ಕೊಂಡು ಬಾ," ಎಂದು ನಲ್ಲಿಯ ಕಡೆ ಗದ್ದ ಎತ್ತಿದ. ಅವಳು ಹೋಗಿ ತೊಳೆದುಕೊಂಡು ಬಂದಳು.