ಬೋಣಿಯವರು ಬಾಯಿ ಬಿಡಲಿಲ್ಲ

ಆಲ್ದೂರಿನ ಬಸ್‌ಸ್ಟ್ಯಾಂಡ್ ಎದುರು ಕಾಫಿಪುಡಿ ಅಂಗಡಿ ಇಟ್ಟಿದ್ದ ಪ್ರೇಮಕುಮಾರಿಗೆ ಎರಡು ದರ ಹೇಳಲು ಬರುತ್ತಿರಲಿಲ್ಲ. ಎಸ್ಟೇಟಿನ ಸಾಹುಕಾರರು ಬಂದರೂ ಒಂದೇ, ಬಸ್ಸಿನ ಕಂಡಕ್ಟರ್ ಬಂದರೂ ಒಂದೇ. ಹೊರ ಊರಿನವರು ಫೋನಿನಲ್ಲಿ ಕೇಳಿದರೆ ಟ್ಯಾಕ್ಸು, ಅಂಚೆ ಖರ್ಚು ಎಲ್ಲವನ್ನೂ ಒಳಗೇ ಸೇರಿಸಿ, "ಮನೆ ಬಾಗಿಲಿಗೆ ಕೆಜಿಗೆ ನೂರ ಎಂಬತ್ತು. ಪೋಸ್ಟ್‌ಮ್ಯಾನ್ ಕೈಗೆ ಅಷ್ಟು ಕೊಟ್ರೆ ಸಾಕು" ಅನ್ನುತ್ತಿದ್ದಳು. ವ್ಯಾಪಾರ ಗೊತ್ತಿಲ್ಲದ ಹೆಂಗಸು ಎಂದು ಅಕ್ಕಪಕ್ಕದ ಅಂಗಡಿಯವರು ನಗುತ್ತಿದ್ದರು. ನಗುವವರಿಗೇನು, ಅವರ ಗಂಟು ಹೋಗುವುದಿಲ್ಲವಲ್ಲ. ಊರಿನವರೆಲ್ಲ ಕಂಪನಿ ಪೊಟ್ಟಣಕ್ಕೆ ಮಾರುಹೋದ ಮೇಲೆ ಅವಳನ್ನು ಉಳಿಸಿದ್ದು ಈ ಹೊರ ಊರಿನ ಗಿರಾಕಿಗಳೇ. ಅವರೂ ಕೈಬಿಟ್ಟರೆ, ಹಿತ್ತಿಲಿನಲ್ಲಿ ಗಂಡ ದೇವರಾಜ ಬೀಜ ಹುರಿಯುವ ಒಲೆಯನ್ನು ಆರಿಸುವುದೊಂದೇ ದಾರಿಯಾಗಿತ್ತು.

ತೊಂಬತ್ತಾರರಲ್ಲಿ ಅಂಗಡಿ ತೆರೆದ ದಿನ ಮೊದಲ ಪೊಟ್ಟಣ ಕೊಂಡು ಬೋಣಿ ಮಾಡಿದವರು ಭಾಗೀರಥಿ ಟೀಚರ್. ವಸ್ತಾರೆಯ ಶಾಲೆಯಲ್ಲಿ ಪ್ರೇಮಕುಮಾರಿಗೆ ಅಕ್ಷರ ಕಲಿಸಿದವರು, ಕೈಗುಣ ಒಳ್ಳೆಯದು ಎಂದು ಹೆಸರಾದವರು. ಬೋಣಿಗೂ ಒಂದು ನೇಮವಿದೆ. ಕೊಳ್ಳುವವರು ಚೌಕಾಸಿ ಮಾಡಬಾರದು, ಕೊಂಕು ತೆಗೆಯಬಾರದು. ಅಂಗಡಿಯವರು ಮಾತ್ರ ತಮ್ಮ ಅಂಗಡಿಗೆ ತಾವೇ ಬೋಣಿ ಮಾಡಿಕೊಳ್ಳಬಾರದು, ಹಾಗೆ ಮಾಡಿದರೆ ಲಕ್ಷ್ಮಿ ಹಿಂದಿರುಗಿ ಹೋಗುತ್ತಾಳಂತೆ. ಪ್ರೇಮಕುಮಾರಿ ಇದನ್ನೆಲ್ಲ ಒಂದು ದಿನವೂ ಮೀರಿದವಳಲ್ಲ.

ಎರಡು ಸಾವಿರದ ಏಳರಲ್ಲಿ ಚಿಕ್ಕಮಗಳೂರಿನ ಕಂಪ್ಯೂಟರ್ ಸೆಂಟರಿನ ವಿಘ್ನೇಶ ಅವಳಿಗೊಂದು ವೆಬ್‌ಸೈಟ್ ಮಾಡಿಕೊಟ್ಟ. "ಅಕ್ಕಾ, ದರ ಎಷ್ಟು ಹಾಕ್ಲಿ?" ಎಂದು ಕೇಳಿದ. ಇವಳು ಬಾಯಿಪಾಠದ ಹಾಗೆ ನೂರ ಎಂಬತ್ತು ಅಂದಳು. ಅದು ಬರೀ ಪುಡಿಯ ಬೆಲೆ ಎಂದು ಅವನು ತಿಳಿದ. ಟ್ಯಾಕ್ಸನ್ನೂ ಅಂಚೆ ಖರ್ಚನ್ನೂ ಕೊನೆಯ ಪುಟದಲ್ಲಿ ಕಂಪ್ಯೂಟರೇ ಸೇರಿಸುವಂತೆ ಮಾಡಿಟ್ಟ. ಮೊದಲ ಪುಟದಲ್ಲಿ ತನ್ನ ನೂರ ಎಂಬತ್ತನ್ನು ಕಂಡು ಪ್ರೇಮಕುಮಾರಿ ಹಿಗ್ಗಿದಳು.

"ನೀವೇ ಒಂದು ಆರ್ಡರ್ ಹಾಕಿ ಕೊನೇ ತನಕ ನೋಡಿಬಿಡಿ ಅಕ್ಕಾ."

"ಎಂತ ಮಾತು ಮಾರಾಯ, ನನ್ನ ಅಂಗಡೀಗೆ ನಾನೇ ಬೋಣಿ ಮಾಡೋದಾ? ಟೀಚರ್ ಮಾಡ್ತಾರೆ ಬಿಡು."

ಟೀಚರ್ ಆಗ ಮೈಸೂರಿನಲ್ಲಿದ್ದರು. ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಒಂದು ಕೆಜಿ ತರಿಸಿಕೊಂಡು, ಪುಡಿ ಬಂದಿದೆ ಎಂದು ಫೋನ್ ಮಾಡಿದರು. ಇನ್ನೇನು ಬೇಕು? ಪ್ರೇಮಕುಮಾರಿ ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಇನ್ನು ಮೇಲೆ ಕಂಪ್ಯೂಟರಿನಲ್ಲೇ ತರಿಸಿಕೊಳ್ಳಿ, ದರ ಅದೇ ಎಂದು ಬಾಯಿಬಿಟ್ಟು ಹೇಳಿದಳು. ಅವರೂ ಅವಳ ಮಾತು ನಂಬಿ, ಕೊನೆಯ ಪುಟದ ಲೆಕ್ಕ ಓದದೆಯೇ ತರಿಸಿದರು. ಅವಳು ಪೊಟ್ಟಣ ಕಟ್ಟಿ ಬಸ್ಸಿಗೆ ಹಾಕುವುದು, ವಿಘ್ನೇಶ ಚೀಟಿ ಅಂಟಿಸಿ ಅಂಚೆಗೆ ಕೊಡುವುದು, ಹೀಗೆ ನಡೆಯಿತು.

ದೀಪಾವಳಿ ಕಳೆದ ಮೇಲೆ ಅದೇ ಬಸ್ಸಿನಲ್ಲಿ ಒಂದು ಚೀಲ ವಾಪಸ್ ಬಂತು. ಬಿಚ್ಚಿ ನೋಡಿದರೆ ಅವಳೇ ಕಟ್ಟಿದ ಪೊಟ್ಟಣಗಳು. ಗಿರಾಕಿಗಳು ತೆಗೆದುಕೊಳ್ಳಲು ಒಪ್ಪಲಿಲ್ಲ ಎಂದು ಅಂಚೆಯವರು ಬರೆದಿದ್ದರು. ಪಕ್ಕದಲ್ಲೇ ವಿಘ್ನೇಶ ಅಂಟಿಸಿದ್ದ ಚೀಟಿಯಲ್ಲಿ, ಕೊಡಬೇಕಾದ ಹಣ ಇನ್ನೂರ ಮೂವತ್ತು ಎಂದಿತ್ತು. ಒಂದಾದ ಮೇಲೊಂದನ್ನು ತಿರುಗಿಸಿ ನೋಡಿದಳು, ಎಲ್ಲದರ ಮೇಲೂ ಅದೇ. ಪುಡಿಯ ಪರಿಮಳ ಆಗಲೇ ಅರ್ಧ ಹೋಗಿತ್ತು. ಹನ್ನೊಂದು ವರ್ಷ ಒಂದೇ ಮಾತು ಆಡಿದವಳು, ಊರೂರಿನ ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ಎದುರು ಸುಳ್ಳಿಯಾಗಿದ್ದಳು. ನಾಚಿಕೆಯಿಂದ ಅವಳಿಗೆ ಅಳುವುದಕ್ಕೂ ಆಗಲಿಲ್ಲ.

ಟೀಚರಿಗೆ ಫೋನ್ ಮಾಡಿದಳು.

"ನಿಮಗೂ ಜಾಸ್ತಿ ಬಂದಿತ್ತಾ ಟೀಚರ್?"

"ಬಂದಿತ್ತು ಕಣೇ. ಮುಂದೆ ಒಂದು ದರ, ಕೊನೇಲಿ ಟ್ಯಾಕ್ಸು ಅಂತ ಬೇರೆ, ಪೋಸ್ಟು ಅಂತ ಬೇರೆ. ಬೋಣಿ ಹೊತ್ತಲ್ಲಿ ಎಂತ ಹೇಳೋದು ಅಂತ ಸುಮ್ಮನೆ ಕೊಟ್ಟೆ."

"ಆಮೇಲಾದ್ರೂ ಹೇಳ್ಬಾರದಿತ್ತಾ?"

"ಪ್ರೇಮನೂ ಎಲ್ಲರ ಹಾಗೆ ಆದ್ಲು ಅನ್ನಿಸ್ತು. ಮನಸ್ಸಿಗೆ ಬೇಜಾರಾಯ್ತು. ಈಗ ಇಲ್ಲೇ ಮೂಲೆ ಅಂಗಡೀಲಿ ತಗೋತೀನಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ವಿಘ್ನೇಶ ಒಂದು ಗಳಿಗೆಯಲ್ಲಿ ಸರಿಮಾಡಿದ. ಎಲ್ಲ ಸೇರಿ ನೂರ ಎಂಬತ್ತು ಎಂದು ಮೊದಲ ಪುಟದಲ್ಲೇ ಬರೆದ. ಪ್ರೇಮಕುಮಾರಿ ಮತ್ತೆ ಎಲ್ಲರಿಗೂ ಫೋನ್ ಮಾಡಿ ತಪ್ಪಾಯಿತು ಎಂದಳು. ಯಾರೂ ಬೈಯಲಿಲ್ಲ. "ಆಯ್ತಮ್ಮ, ನೋಡ್ತೀವಿ" ಎಂದರು. ಬೈದಿದ್ದರಾದರೂ ಆಸೆ ಇರುತ್ತಿತ್ತು.

ಇನ್ನೊಂದು ಸಲ ಬೋಣಿ ಮಾಡಿಕೊಡಿ ಎಂದು ಟೀಚರನ್ನು ಬೇಡಿಕೊಂಡಳು.

"ಬೇಡ ಪ್ರೇಮ. ನಿನ್ನ ತಪ್ಪಿಲ್ಲ ಅಂತ ಈಗ ಗೊತ್ತಾಯ್ತು. ನನ್ನ ಕೈಗುಣವೇ ಕೆಟ್ಟಿರಬೇಕು. ಬೇರೆ ಯಾರನ್ನಾದ್ರೂ ನೋಡು."

ಬೇರೆ ಯಾರೂ ಇರಲಿಲ್ಲ. ಯುಗಾದಿಯ ಹೊತ್ತಿಗೆ ದೇವರಾಜ ಹುರಿಯುವ ಡ್ರಮ್ಮನ್ನು ಕೊಪ್ಪದವರೊಬ್ಬರಿಗೆ ಕೊಟ್ಟುಬಿಟ್ಟ. ಅದಾದ ಮೇಲೆ ಒಂದು ಮಧ್ಯಾಹ್ನ ಪ್ರೇಮಕುಮಾರಿ ಚಿಕ್ಕಮಗಳೂರಿಗೆ ಹೋಗಿ, ವಿಘ್ನೇಶನ ಪಕ್ಕ ಕೂತು, ತನ್ನ ಅಂಗಡಿಯಿಂದ ತಾನೇ ಒಂದು ಕೆಜಿ ಪುಡಿಗೆ ಆರ್ಡರ್ ಹಾಕಿದಳು. ಒಂದೊಂದೇ ಪುಟ ದಾಟಿ ಕೊನೆಯದಕ್ಕೆ ಬಂದಳು. ಅಲ್ಲಿಯೂ ನೂರ ಎಂಬತ್ತೇ ಇತ್ತು.

"ಸರಿ ಇದೆ ಅಲ್ವಾ ಅಕ್ಕಾ?" ವಿಘ್ನೇಶ ಕೇಳಿದ.

"ಸರಿ ಇದೆ" ಎಂದಳು. ಆ ಒಂದು ಕೆಜಿ ಕಟ್ಟಿ ಕಳಿಸಲು ಅಂಗಡಿಯಲ್ಲಿ ಪುಡಿ ಇರಲಿಲ್ಲ.