ನೀರು ಬಂದ ಮೇಲೆ

ಆ ಬೇಸಿಗೆಯಲ್ಲಿ ಮಾಧವರಂನ ನಮ್ಮ ಅಪಾರ್ಟ್‌ಮೆಂಟಿನ ಕೊಳವೆಬಾವಿ ಬತ್ತಿತು. ಲಾರಿ ನೀರಿಗಾಗಿ ಓದಿದವರೇ ಮೆಟ್ಟಿಲ ಮೇಲೆ ಕೈಕೈ ಮಿಲಾಯಿಸಿದರು. ಆಗ ನಿವೃತ್ತ ಅಧಿಕಾರಿಯೊಬ್ಬರು ಸಂಘದ ಕಾರ್ಯದರ್ಶಿಯಾದರು. ಲಾರಿ ಹೊತ್ತಿಗೆ ಸರಿಯಾಗಿ ಬರತೊಡಗಿತು. ಮುಂದಿನ ಚುನಾವಣೆಯನ್ನು ಅವರು ರದ್ದುಪಡಿಸಿದಾಗ ಯಾರೂ ಗೊಣಗಲಿಲ್ಲ. ಅದು ಮೊದಲ ಅನ್ಯಾಯ.

ನೆಲಮಹಡಿಯ ಬಾಡಿಗೆ ಮನೆಯಲ್ಲಿ ಕಾಸಿಮೇಡಿನ ಮೀನುಗಾರ ಕುಟುಂಬದ ಮಹಿಳೆಯೊಬ್ಬರಿದ್ದರು. ಅಮ್ಮನ ಕೊನೆಯ ದಿನಗಳಲ್ಲಿ ಆಸ್ಪತ್ರೆಗೆಂದು ಓಡಿಹೋಗಿ ಆಟೋ ತಂದವರು ಅವರೇ. ಹಿತ್ತಲ ಗೋಡೆಯ ಬಳಿ ಕೂತು ಮೀನು ತೊಳೆಯುತ್ತಿದ್ದರು. ಆ ವಾಸನೆಯ ನೆಪದಲ್ಲಿ ಅವರನ್ನು ಮನೆ ಬಿಡಿಸಲು, ಕಾರು ನಿಲ್ಲಿಸುವ ಜಾಗದಲ್ಲಿ ಕಾರ್ಯದರ್ಶಿ ಸಭೆ ಕರೆದರು.

"ಆಕ್ಷೇಪಣೆ ಇರೋರು ಕೈ ಎತ್ತಿ."

ನಾನು ಎತ್ತಿದೆ. ಇದು ಜಾತಿ ತಾರತಮ್ಯ, ಬಾಡಿಗೆದಾರರ ಹಕ್ಕಿನ ಉಲ್ಲಂಘನೆ ಎಂದೆ.

"ಇದು ಪಾರ್ಲಿಮೆಂಟ್ ಅಲ್ಲ ಮೇಡಂ, ಪಾರ್ಕಿಂಗ್," ಎಂದರು. ಎಲ್ಲರೂ ನಕ್ಕರು.

ಪಂಪಿನ ಕೋಣೆಯ ಬಳಿ ನಿಂತಿದ್ದ ಆಕೆ ನನ್ನ ಅಪ್ಪನನ್ನೇ ನೋಡುತ್ತಿದ್ದರು. ಅಪ್ಪನ ಕೈಗಳು ಮಡಿಲಿನಿಂದ ಮೇಲೇಳಲಿಲ್ಲ.

"ಅವರು ಮಾಡಿದ್ದೆಲ್ಲ ಮರೆತ್ರಾ ಅಪ್ಪಾ?" ಮನೆಗೆ ಬಂದು ಕೇಳಿದೆ.

"ಮರೀತೀನಾ? ಆದ್ರೆ ಮತ್ತೆ ಬಕೆಟ್ ಹಿಡ್ಕೊಂಡು ಮೆಟ್ಟಿಲು ಹತ್ತೋಕೆ ನಂಗಾಗಲ್ಲ ಕಣಮ್ಮಾ. ಆ ಮನುಷ್ಯ ಜೋರೇ. ತಣ್ಣಿ ಲಾರಿ ಬರ್ತಿದೆಯಲ್ಲ, ನೀರು ಸಿಗ್ತಿದೆಯಲ್ಲ."

ಸರ್ವಾಧಿಕಾರ ಬೆಳೆಯುವುದು ಜನರ ಭಯದಿಂದ ಎಂದು ನಾನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೆ. ಅಪ್ಪನ ಮುಖದಲ್ಲಿ ನನಗೆ ಕಂಡದ್ದು ದಣಿವು.

ಆಕೆ ಮನೆ ಬಿಟ್ಟರು. ಹಿತ್ತಲಿಗೆ ಫಿನಾಯಿಲ್ ಬಿತ್ತು.

ಅಮ್ಮನ ಶ್ರಾದ್ಧ ಬಂತು. ಅಪ್ಪ ತಾರಸಿಯ ಕಟ್ಟೆಯ ಮೇಲೆ ಬಾಳೆಲೆಯಲ್ಲಿ ಪಿಂಡವಿಟ್ಟು "ಕಾ, ಕಾ" ಎಂದು ಕರೆದರು. ಹಿಂದಿನ ವರ್ಷಗಳಲ್ಲಿ ಕೈ ತೆಗೆಯುವ ಮೊದಲೇ ಕಾಗೆಗಳು ಮುತ್ತುತ್ತಿದ್ದವು. "ನೋಡು, ನಿಮ್ಮಮ್ಮಂಗೆ ಎಷ್ಟು ಹಸಿವು!" ಎಂದು ಅಪ್ಪ ಹಿಗ್ಗುತ್ತಿದ್ದರು. ಈ ಸಲ ಒಂದೂ ಬರಲಿಲ್ಲ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಬಿಸಿಲೇರಿತು. ಎಲೆಯ ಅಂಚು ಬಾಡಿತು.

ಅಪ್ಪ ಬಗ್ಗಿ, ಕೆಳಗೆ ಒಣಗಿದ್ದ ಹಿತ್ತಲ ಗೋಡೆಯನ್ನು ಬಹಳ ಹೊತ್ತು ನೋಡಿದರು. ಮೀನಿನ ಚೂರುಗಳಿಗೆ ಕಾಗೆಗಳು ಸಾಲಾಗಿ ಕೂರುತ್ತಿದ್ದುದು ಅಲ್ಲೇ.

"ಆಯಮ್ಮ ಈಗೆಲ್ಲಿದ್ದಾರಂತೆ?"

"ದೂರ, ಎಣ್ಣೂರಲ್ಲಂತೆ."

ಅಪ್ಪ ಖಾಲಿ ಆಕಾಶಕ್ಕೆ ಮುಖವೆತ್ತಿ, ಇನ್ನೂ ಮೆಲ್ಲಗೆ, "ಕಾ, ಕಾ" ಎಂದರು.