ಹಿತ್ತಿಲ ಕಡೆಯ ಕಿಟಕಿ

ಒಟ್ಮಾರ್‌ನನ್ನು ನಾನು ಮೊದಲು ಕಂಡ ದಿನ ನಮ್ಮ ಲಾರಿ ಎರ್ಲೆನ್‌ಟೋರ್ ಊರಿನ ಮೇಲಿನ ಹೆಬ್ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಯುದ್ಧ ಮುಗಿದ ಮರುವರ್ಷದ ವಸಂತ. ಪೂರ್ವದ ನಮ್ಮ ಹಳ್ಳಿಯಿಂದ ನಮ್ಮನ್ನು ಎಬ್ಬಿಸಿ ಇಲ್ಲಿಗೆ ತಂದಿದ್ದರು. ಗಂಟುಮೂಟೆಗಳನ್ನು ಎತ್ತರಕ್ಕೆ ಪೇರಿಸಿದ್ದರಿಂದ ಲಾರಿ ಕಲ್ಲಿನ ಕಮಾನಿನಡಿ ನುಗ್ಗಲಿಲ್ಲ. ಇಳಿದು ನಡೆದೆವು. ಸಂತೆಚೌಕದಲ್ಲಿ ಕಲ್ಲಿನ ಸಿಂಹದ ಕಾರಂಜಿಯ ಕಟ್ಟೆಯ ಮೇಲೆ ಇಬ್ಬರು ಹುಡುಗರು ಕೂತಿದ್ದರು.

"ನಿಮ್ಮೂರಲ್ಲಿ ಗಂಟೆಗೋಪುರ ಇತ್ತಾ?" ಎಂದು ಒಬ್ಬ ಕೇಳಿದ.

"ಇತ್ತು. ನಿಮ್ಮದಕ್ಕಿಂತ ಎತ್ತರ."

"ಸುಳ್ಳುಬುರುಕಿ!"

"ಹೋಗಿ ಅಳೆದ್ಕೊಂಡ್ ಬಾ."

ಅವನು ನಕ್ಕು, ಕೆಳಗೆ ಹಾರಿ, ನನ್ನ ಅಮ್ಮನ ಗಂಟನ್ನು ಹೆಗಲಿಗೇರಿಸಿದ. ಅವನೇ ಒಟ್ಮಾರ್. ಇನ್ನೊಬ್ಬ ಕಟ್ಟೆ ಬಿಟ್ಟು ಕದಲಲಿಲ್ಲ. "ಯಾರು ಯಾವ ಮನೆಗೆ ಅಂತ ಪುರಸಭೆಯವ್ರು ಹೇಳೋ ತನಕ ಕಾಯ್ಬೇಕು ಕಣೋ," ಎಂದ. ಅವನು ಲೊರೆಂಟ್ಸ್. ಒಟ್ಮಾರ್ ಕಾಯಲಿಲ್ಲ. ನಮ್ಮನ್ನು ಸೀದಾ ತನ್ನ ಮನೆಗೇ ಕರೆದೊಯ್ದ. ಅವನ ತಾಯಿ ಬಾಗಿಲಲ್ಲಿ ನಿಂತು ಅವನ ಕಿವಿ ಹಿಂಡಿದಳು, ಆಮೇಲೆ ನಮಗೆ ಬೇಳೆಸಾರು ಬಡಿಸಿದಳು.

ಆ ಮನೆ ಊರಿನ ಕೋಟೆಗೋಡೆಗೇ ಬೆನ್ನು ಕೊಟ್ಟು ನಿಂತಿದೆ. ಮೇಲಿನ ಹಿಂಬದಿಯ ಕೋಣೆ ನಮಗೆ ಸಿಕ್ಕಿತು. ಅದರ ಕಿಟಕಿ ಹಳೆಯ ಕಂದಕದ ಕಡೆಗೆ. ಅಲ್ಲಿ ನೀರಿಲ್ಲ, ಸೇಬಿನ ಗಿಡಗಳಿವೆ, ದಾರಿಯಿಲ್ಲ. ಚಳಿಗಾಲದಲ್ಲಿ ಆ ಕಿಟಕಿಯ ಸಂದಿಯಿಂದ ಬರುವ ಗಾಳಿಗೆ ಹೊದಿಕೆಯ ಮೇಲೆ ಮಂಜಿನ ಪುಡಿ ಕೂರುತ್ತಿತ್ತು. ಮದುವೆಯಾಗಿ ಎದುರು ಮನೆಗೆ ಹೋಗುವವರೆಗೂ ನಾನು ಅದೇ ಕೋಣೆಯಲ್ಲಿ ಮಲಗಿದೆ.

ಒಟ್ಮಾರ್ ಮರ ಕೊಯ್ಯುವ ಕಾರ್ಖಾನೆಗೆ ಸೇರಿದ. ಅರ್ಧ ಬೆರಳನ್ನು ಅಲ್ಲೇ ಕಳೆದುಕೊಂಡ. ಮಕ್ಕಳು ಕೇಳಿದರೆ "ಸಿಂಹ ಕಚ್ತು" ಎಂದು ಚೌಕದ ಕಡೆ ತೋರಿಸುತ್ತಿದ್ದ. ಬೀದಿಯಲ್ಲಿ ಯಾರ ಬಾಗಿಲು ಉಬ್ಬಿ ಕಚ್ಚಿಕೊಂಡರೂ ಇವನೇ ಮರ ಹೆರೆಯುವ ತೋಪಡಾ ಹಿಡಿದು ಬರಬೇಕು. ದ್ರಾಕ್ಷಿ ತೋಟದ ಹಳ್ಳಿಯೊಂದರ ರೋಸಲ್ ಎಂಬ ಹುಡುಗಿಯನ್ನು ಮದುವೆಯಾದ. ಮಕ್ಕಳಾಗಲಿಲ್ಲ. ಅದಕ್ಕೆ ಅವಳು ಕೊರಗಿದಳು, ಅವನು ತೋರಿಸಿಕೊಳ್ಳಲಿಲ್ಲ.

ಲೊರೆಂಟ್ಸ್ ಪುರಸಭೆಯಲ್ಲಿ ಗುಮಾಸ್ತನಾದ. ನಿವೃತ್ತಿಯ ಮೇಲೆ, ಊರಿನ ಹಳೆಯ ಅಂದ ಕೆಡದಂತೆ ಕಾಯುವ ಹಳೆಯೂರ ಸಂಘಕ್ಕೆ ಅಧ್ಯಕ್ಷನಾದ. ಗಂಟೆಗೋಪುರದ ಬೀಗದ ಕೈ ಅವನ ಸೊಂಟದಲ್ಲೇ ನೇತಾಡುತ್ತಿತ್ತು, ಇನ್ನೊಂದು ಇರಲಿಲ್ಲ. ಶನಿವಾರ ಸಂಜೆ ಅವನೂ ಒಟ್ಮಾರೂ ನನ್ನ ಗಂಡನೂ ಕರಿ ಕರಡಿ ಹೋಟೆಲಿನಲ್ಲಿ ಒಲೆಯ ಪಕ್ಕದ ಮೇಜಿಗೆ ಇಸ್ಪೀಟಿಗೆ ಕೂರುತ್ತಿದ್ದರು. ನನ್ನ ಗಂಡ ತೀರಿಹೋದ ಮೇಲೂ ಅವರಿಬ್ಬರು ಅವನ ಕುರ್ಚಿಗೆ ಬೇರೆಯವರನ್ನು ಕೂರಿಸಲಿಲ್ಲ.

ರೋಸಲ್‌ಗೆ ಶ್ವಾಸಕೋಶದ ಕಾಯಿಲೆ ಬಂತು. ಮೆಟ್ಟಿಲು ಇಳಿಯಲಾರದೆ ಆ ಹಿಂಬದಿಯ ಕೋಣೆಯಲ್ಲೇ ಉಳಿದಳು. ಸೇಬಿನ ಗಿಡ ಕಾಣುತ್ತದೆಂದು ಅವಳೇ ಆರಿಸಿಕೊಂಡ ಕೋಣೆ. ಮಧ್ಯಾಹ್ನಗಳಲ್ಲಿ ನಾನು ಜೊತೆಗೆ ಕೂರುತ್ತಿದ್ದೆ. ಮರದ ಕಿಟಕಿಗೆ ಒಟ್ಮಾರ್ ಬಟ್ಟೆ ತುರುಕಿದ, ಮೇಣ ಹಚ್ಚಿದ; ಗಾಳಿ ನಿಲ್ಲಲಿಲ್ಲ. ಕೊನೆಗೆ ಎರಡು ಪದರ ಗಾಜಿನ, ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಯೊಂದನ್ನು ತಂದ.

ನಮ್ಮ ಊರಲ್ಲಿ ಕೋಟೆಯೊಳಗಿನ ಮನೆಗೆ ಪ್ಲಾಸ್ಟಿಕ್ ಕಿಟಕಿ ಹಾಕುವಂತಿಲ್ಲ. ಬೀದಿಗೆ ಕಂಡರೆ ತಾನೇ ತಪ್ಪು ಎಂದು ಒಟ್ಮಾರ್ ತಿಳಿದಿದ್ದ. ನಾವೆಲ್ಲರೂ ಹಾಗೆಯೇ ತಿಳಿದಿದ್ದೆವು. ಕಂದಕದ ಕಡೆ ಯಾರಿದ್ದಾರೆ? ಆದರೂ ಮರದ ಬಣ್ಣ ಬಳಿದ. ಅದನ್ನು ಮೇಲಕ್ಕೆ ಹೊರುವಾಗ ಒಂದು ತುದಿ ಹಿಡಿದವನು ಒಟ್ಮಾರ್, ಇನ್ನೊಂದು ತುದಿ ಹಿಡಿದವನು ಲೊರೆಂಟ್ಸ್. ನಾನು ಮೆಟ್ಟಿಲ ಮೇಲೆ ನಿಂತು ದಾರಿ ಹೇಳಿದೆ.

"ಕಾಗೆಗಳು ಚಾಡಿ ಹೇಳಿದ್ರೆ?" ಎಂದು ರೋಸಲ್ ಹಾಸಿಗೆಯಿಂದ ಕೇಳಿದಳು.

"ಕಾಗೆಗಳ್ನ ನಾನು ನೋಡ್ಕೊತೀನಿ ಬಿಡಮ್ಮ," ಎಂದ ಲೊರೆಂಟ್ಸ್. ಅವಳು ಮಾಡಿಸಿಟ್ಟಿದ್ದ ಪ್ಲಮ್ ಕೇಕಿನಲ್ಲಿ ಎರಡು ತುಂಡು ತಿಂದು ಹೋದ.

ಎರಡು ಚಳಿಗಾಲ ರೋಸಲ್ ಬೆಚ್ಚಗಿದ್ದಳು. ಆಮೇಲೆ ಅಂದದ ಹಳೆಯೂರುಗಳ ಸ್ಪರ್ಧೆಗೆ ನಮ್ಮ ಊರಿನ ಹೆಸರು ಹೋಯಿತು. ಆ ಶರತ್ಕಾಲದ ಒಂದು ಮಧ್ಯಾಹ್ನ ನಾನು ರೋಸಲ್‌ಗೆ ಗಂಜಿ ಕುಡಿಸುತ್ತಿದ್ದಾಗ ಹಳೆಯ ಕಟ್ಟಡಗಳ ಕಚೇರಿಯಿಂದ ಒಬ್ಬ ಹೆಂಗಸು ಬಂದಳು. ಒಳ್ಳೆಯವಳೇ, ಬಾಗಿಲಲ್ಲೇ ಬೂಟು ಕಳಚಿದಳು. ಒಂದು ಫೋಟೋ ತೋರಿಸಿ, ಕ್ರಿಸ್ಮಸ್ಸಿನೊಳಗೆ ಕಿಟಕಿ ತೆಗೆದು ಮರದ್ದು ಕೂರಿಸಬೇಕು ಎಂದಳು.

ಒಟ್ಮಾರ್ ಫೋಟೋವನ್ನು ಬೆಳಕಿಗೆ ಹಿಡಿದ. ಮೇಲಿನಿಂದ ತೆಗೆದದ್ದು. ಕೆಳಗೆ ಕೋಟೆಗೋಡೆ, ಸೇಬಿನ ಗಿಡಗಳ ನೆತ್ತಿ, ಚೌಕಟ್ಟಿನಲ್ಲಿ ರೋಸಲ್‌ಳ ಬಿಳಿ ದಿಂಬು. ಅಷ್ಟು ಎತ್ತರದ್ದು ಊರಲ್ಲಿ ಗಂಟೆಗೋಪುರ ಒಂದೇ. ಅವನು ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಿದೆ. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ತಿಳಿಯಿತು. ಯಾರೂ ಹೆಸರು ಹೇಳಲಿಲ್ಲ. ರೋಸಲ್ ಕೇಳಿಸಿಕೊಳ್ಳುತ್ತಿದ್ದಳು.

ನವೆಂಬರಿನಲ್ಲಿ, ಹಿಮ ಬೀಳುವ ಮುಂಚೆ, ಕಾರಂಜಿಯ ಸಿಂಹದ ಸುತ್ತ ಹಲಗೆಯ ಗೂಡು ಹೊಡೆಯುತ್ತೇವೆ. ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಕಲ್ಲು ಸೀಳುತ್ತದೆ. ಒಟ್ಮಾರ್ ಮತ್ತು ಲೊರೆಂಟ್ಸ್ ಹರೆಯದಿಂದ ಮಾಡಿಕೊಂಡು ಬಂದ ಕೆಲಸ ಅದು. ಆ ವರ್ಷ ಒಟ್ಮಾರ್ ಬರುವುದಿಲ್ಲ ಎಂದುಕೊಂಡಿದ್ದೆ. ಸುತ್ತಿಗೆ ಹಿಡಿದು ಬಂದ. ಲೊರೆಂಟ್ಸ್ ಹಲಗೆ ಹಿಡಿದ, ಒಟ್ಮಾರ್ ಮೊಳೆ ಹೊಡೆದ. ನಾನು ಬ್ರೆಡ್ ಕೊಂಡು ಬೇಕರಿಯ ಮುಂದೆ ನಿಂತಿದ್ದೆ.

"ನನ್ನ ಹತ್ರ ಬಂದು ಒಂದ್ ಮಾತು ಹೇಳ್ಬಹುದಿತ್ತಲ್ಲೋ," ಎಂದ ಒಟ್ಮಾರ್.

"ಹೇಳಿದ್ರೆ ತೆಗೀತಿದ್ಯಾ?"

"ಇಲ್ಲ."

"ಮತ್ತೆ?" ಲೊರೆಂಟ್ಸ್ ಹಲಗೆಯನ್ನು ನೆಟ್ಟಗೆ ಮಾಡಿದ. "ಈ ವರ್ಷ ಏಳು ಮನೆಯವರ ಮೇಲೆ ದೂರು ಕೊಟ್ಟಿದ್ದೀನಿ ಒಟ್ಮಾರ್. ನಿಂದೊಂದು ಬಿಟ್ರೆ, ಗೆಳೆಯಂದು ಮುಚ್ಚಿಟ್ಟ ಅಂತ ಊರೆಲ್ಲ ಉಗಿಯಲ್ವಾ?"

"ನೀನೇ ಹೊತ್ತಿದ್ದಲ್ಲೋ ಅದನ್ನ!"

"ಆಗ ನಾನು ಅಧ್ಯಕ್ಷ ಆಗಿರ್ಲಿಲ್ಲ."

ಬೇಕರಿಯ ಗೆರ್ಟ್ರಾಟ್ ಬಾಗಿಲಿಂದ ಕೂಗಿದಳು: "ಏನ್ರಪ್ಪಾ ಮುದುಕ್ರಾ, ಮಾತಾಡ್ತಾ ಸಿಂಹಕ್ಕೆ ಉಸಿರಾಡೋಕೂ ಸಂದಿ ಬಿಡ್ಲಿಲ್ವಲ್ಲ!" ಬೇರೆ ವರ್ಷವಾಗಿದ್ದರೆ ಒಟ್ಮಾರ್ ತಿರುಗಿ ಅವಳಿಗೊಂದು ಚುಚ್ಚುಮಾತು ಎಸೆಯುತ್ತಿದ್ದ. ಈಗ ಉಳಿದ ಮೊಳೆಗಳನ್ನೂ ಹೊಡೆದು ಮುಗಿಸಿ, ಸುತ್ತಿಗೆಯನ್ನು ಕಟ್ಟೆಯ ಮೇಲಿಟ್ಟು ಮನೆಗೆ ಹೋದ. ಆ ಸುತ್ತಿಗೆ ಅವನದ್ದೇ. ತರಲು ಮತ್ತೆ ಹೋಗಲಿಲ್ಲ.

ಕಿಟಕಿಯನ್ನು ತಾನೇ ಬಿಚ್ಚಿದ. ಮರದ್ದನ್ನು ಚೆನ್ನಾಗಿಯೇ ಮಾಡಿದ, ಆದರೆ ಆ ಗೋಡೆ ಕೋಟೆ ಕಟ್ಟಿದ ಕಾಲದ್ದು, ಒಂದು ಕಡೆ ನೆಟ್ಟಗಿದ್ದರೆ ಇನ್ನೊಂದು ಕಡೆ ಓರೆ. ಗಾಳಿ ಮತ್ತೆ ಬಂತು. ಫೆಬ್ರವರಿಯಲ್ಲಿ ರೋಸಲ್ ತೀರಿಕೊಂಡಳು. ಕಿಟಕಿಯಿಂದ ಸತ್ತಳು ಎಂದು ನಾನು ಹೇಳುವುದಿಲ್ಲ. ವೈದ್ಯರು ಆ ಚಳಿಗಾಲವನ್ನು ದಾಟಲಿಕ್ಕಿಲ್ಲ ಎಂದು ಮೊದಲೇ ಹೇಳಿದ್ದರು. ಕೊನೆಯ ವಾರಗಳಲ್ಲಿ ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು, ಸೇಬಿನ ಗಿಡದ ಕಡೆ ಅಲ್ಲ. ಅಷ್ಟನ್ನು ಹೇಳುತ್ತೇನೆ.

ಮಣ್ಣಿಗೆ ಲೊರೆಂಟ್ಸ್ ಬಂದಿದ್ದ. ಹಳೆಯೂರ ಸಂಘದ ಹೆಸರಿನ ಪಟ್ಟಿ ಕಟ್ಟಿದ ಹೂಚಕ್ರ ತಂದಿದ್ದ. ಅವನು ನಿಜವಾಗಿಯೂ ಅಳುತ್ತಿದ್ದ. ಒಟ್ಮಾರ್ ಅವನ ಕೈ ಕುಲುಕಿದ, ಎಲ್ಲರ ಕೈ ಕುಲುಕಿದ ಹಾಗೆಯೇ, ಮುಂದಿನವರ ಕಡೆ ತಿರುಗಿದ.

ಬೇಸಿಗೆಯಲ್ಲಿ ನಮ್ಮ ಊರಿಗೆ ಬಹುಮಾನ ಬಂತು. ಮೇಲಿನ ಹೆಬ್ಬಾಗಿಲಿಗೆ ಹಿತ್ತಾಳೆಯ ಫಲಕ ಹಾಕಿದರು. ಅಂದಿನಿಂದ ಒಟ್ಮಾರ್ ಆ ಬಾಗಿಲಲ್ಲಿ ಹಾಯಲಿಲ್ಲ. ಕೋಟೆಗೋಡೆಯ ಇನ್ನೊಂದು ಬದಿಯ ಸಣ್ಣ ಬಾಗಿಲಲ್ಲಿ ಬಗ್ಗಿ ಹೋಗಿಬರುತ್ತಿದ್ದ. ಯಾರ ಬಾಗಿಲು ಕಚ್ಚಿಕೊಂಡರೂ "ಕೈ ನಡುಗತ್ತೆ" ಎನ್ನುತ್ತಿದ್ದ. ಬ್ರೆಡ್ಡನ್ನು ಪಕ್ಕದ ಹಳ್ಳಿಯಿಂದ ತರುತ್ತಿದ್ದ. ಗೆರ್ಟ್ರಾಟ್ ಏನು ಮಾಡಿದ್ದಳು ಎಂದು ಕೇಳಿದೆ. "ಅವಳಿಗೂ ಗೊತ್ತಿದ್ದಿರ್ಬೇಕು," ಎಂದ. ಪಾದ್ರಿಗಳಿಗೂ ಗೊತ್ತಿದ್ದಿರಬೇಕು, ಗೋಪುರ ಅವರ ಚರ್ಚಿನದು ತಾನೇ. ಕರಿ ಕರಡಿಯವನಿಗೂ. ಹೀಗೆ ಬೀದಿಯ ಒಂದೊಂದೇ ಮನೆಯನ್ನು ಬಿಡುತ್ತ ಬಂದ. ನನ್ನ ಮನೆಗೆ ಮಾತ್ರ ಭಾನುವಾರ ಕಾಫಿಗೆ ಬರುತ್ತಿದ್ದ.

ಕಾಲು ಸೋತ ಮೇಲೆ ಅವನನ್ನು ಊರಾಚೆಯ ವೃದ್ಧಾಶ್ರಮಕ್ಕೆ ಸೇರಿಸಿದರು. ಅವನ ಕೋಣೆಗೆ ಪ್ಲಾಸ್ಟಿಕ್ ಕಿಟಕಿ, ಎರಡು ಗಾಜಿನದು. ಒಂದಿಷ್ಟೂ ಗಾಳಿ ನುಗ್ಗುತ್ತಿರಲಿಲ್ಲ. ನಾನು ಭಾನುವಾರ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೊನೆಯ ಭಾನುವಾರ ಅವನು ಕೇಕ್ ಮುಟ್ಟಲಿಲ್ಲ. ನಾನು ಅವನ ಹೊದಿಕೆ ಸರಿಮಾಡುತ್ತಿದ್ದೆ. ನನ್ನ ಕೈಯನ್ನು ಹಿಡಿದು ನಿಲ್ಲಿಸಿದ. ಕೋಪವಿರಲಿಲ್ಲ. ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದನ್ನು ಕೇಳುವವನ ಹಾಗೆ ನನ್ನ ಮುಖವನ್ನೇ ನೋಡಿದ.

"ಹೆಡ್ವಿಗ್," ಎಂದ, "ನಿಜ ಹೇಳು. ಅವನು ಗೋಪುರ ಹತ್ತೋದು ನಿನಗೂ ಮೊದ್ಲೇ ಗೊತ್ತಿತ್ತಾ?"